ದತ್ತು ಹೋದ ಗಲ್ಲಿ

ಚಾಮರಾಜಪೇಟೆಯ ತಮ್ಮ ಗಲ್ಲಿಯನ್ನು ವಿಶ್ವವಿದ್ಯಾಲಯ ದತ್ತು ತೆಗೆದುಕೊಂಡಿದೆ ಎಂದು ನರಸಮ್ಮನಿಗೆ ಗೊತ್ತಾದದ್ದು ಅವಳು ಸೊಪ್ಪಿನ ಕಟ್ಟುಗಳನ್ನು ಒದ್ದೆ ಗೋಣಿಚೀಲದ ಮೇಲೆ ಜೋಡಿಸುತ್ತಿದ್ದಾಗ. ಬ್ಯಾನರು ಕಟ್ಟಲು ಮೊಳೆ ಹುಡುಕುತ್ತ ಬಂದವರು ಸಮಾಜಕಾರ್ಯ ವಿಭಾಗದ ಪ್ರೊಫೆಸರ್ ಮಹಾನಂದ. ಹಿಂದೆ ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಕ್ಯಾಮೆರಾ.

"ದತ್ತು ಅಂದ್ರೆ ಮಕ್ಳಿಲ್ದೋರು ತಗೊಳ್ತಾರಲ್ಲ, ಅದೇನಾ ಸಾಮಿ?" ಎಂದು ನರಸಮ್ಮ ಕೇಳಿದಳು. ಆಗ ಅವಳಿಗೆ ಅರವತ್ತೆರಡು.

"ಹೆಚ್ಚೂಕಮ್ಮಿ ಅದೇ ಅಮ್ಮಾ. ಇನ್ಮೇಲೆ ನಮ್ಮ ಕ್ಯಾಂಪಸ್ ಬೇರೆ ಅಲ್ಲ, ನಿಮ್ಮ ಗಲ್ಲಿ ಬೇರೆ ಅಲ್ಲ. ಎಲ್ಲಾ ಒಂದೇ ಮನೆ."

ನರಸಮ್ಮ ಆ ಮಾತನ್ನು ನಂಬಿದಳು. ಅವಳ ಮೈದುನ ಚಿಕ್ಕಂದಿನಲ್ಲಿ ಬಿನ್ನಿಪೇಟೆಯ ದೊಡ್ಡಮ್ಮನಿಗೆ ದತ್ತು ಹೋಗಿದ್ದ. ಆ ಮನೆಯ ಅಡುಗೆಮನೆಯಿಂದ ಅಟ್ಟದವರೆಗೆ ಅವನು ಯಾರನ್ನೂ ಕೇಳದೆ ಓಡಾಡುತ್ತಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಈ ಪ್ರೀತಿ ಇದ್ದಕ್ಕಿದ್ದಂತೆ ಉಕ್ಕಿದ್ದೇಕೆ ಎಂಬುದನ್ನು ಅವಳಿಗೆ ಹೇಳಿದವನು ವಿಶ್ವವಿದ್ಯಾಲಯದ ಗೇಟಿನ ವಾಚ್‌ಮನ್ ಓಬಳಪ್ಪ. ಆಗಸ್ಟಿನಲ್ಲಿ ದೆಹಲಿಯಿಂದ ಒಂದು ಸಮಿತಿ ಬಂದು ವಿಶ್ವವಿದ್ಯಾಲಯಕ್ಕೆ ಗ್ರೇಡು ಕೊಡುವುದಿತ್ತು. ಅವರು ಕಳಿಸಿದ್ದ ಫಾರಮ್ಮಿನಲ್ಲಿ 'ನೆರೆಹೊರೆಯೊಂದಿಗೆ ಸಂಬಂಧ' ಎಂಬ ಒಂದು ಪುಟವಿತ್ತು. ಐವತ್ತು ವರ್ಷದಿಂದ ನೆರೆಹೊರೆಯ ಕಡೆಗಿದ್ದದ್ದು ಗಾಜಿನ ಚೂರು ನೆಟ್ಟ ಕಾಂಪೌಂಡು ಮಾತ್ರವಾದ್ದರಿಂದ ಆ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ. ಅದನ್ನು ತುಂಬಿಸುವ ಹೊಣೆ ಮಹಾನಂದರ ತಲೆಗೆ ಬಿದ್ದಿತ್ತು.

ಮೂರು ತಿಂಗಳು ಗಲ್ಲಿಯಲ್ಲಿ ಕಾರ್ಯಕ್ರಮವೋ ಕಾರ್ಯಕ್ರಮ. ಕೈ ತೊಳೆಯುವ ದಿನಾಚರಣೆ ನಡೆಯಿತು; ಅವತ್ತು ನಲ್ಲಿಯಲ್ಲಿ ನೀರು ಬಂದಿರಲಿಲ್ಲವಾದ್ದರಿಂದ ವಿದ್ಯಾರ್ಥಿಗಳು ಒಣ ಸೋಪು ಹಿಡಿದು ತೊಳೆಯುವ ಅಭಿನಯ ಮಾಡಿ ತೋರಿಸಿದರು. ಇನ್ನೊಂದು ದಿನ ಆರಾಧನಾ ಎಂಬ ಹುಡುಗಿ ಸೊಪ್ಪಿನ ಮಹತ್ವದ ಬಗ್ಗೆ ಸೊಪ್ಪು ಮಾರುವ ನರಸಮ್ಮನಿಗೆ ಅರ್ಧ ಗಂಟೆ ತಿಳಿಹೇಳಿದಳು. ನರಸಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಇದು ಮೆಂತ್ಯ ಅಲ್ಲ ಕಣವ್ವ, ಸಬ್ಬಸಿಗೆ," ಎಂದು ಒಂದು ಕಟ್ಟು ಅವಳ ಕೈಗಿಟ್ಟಳು. ಅದರ ಫೋಟೋ ಚೆನ್ನಾಗಿ ಬಂತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಆಯಿತು, ಆಮೇಲೆ ಪೂರ್ತಿ ನಿಂತೇಹೋಯಿತು. ಟ್ಯಾಂಕರು ಗಲ್ಲಿಯೊಳಗೆ ಹಿಡಿಸುತ್ತಿರಲಿಲ್ಲ. ನರಸಮ್ಮ ಮಹಾನಂದರನ್ನು ತಡೆದು ನಿಲ್ಲಿಸಿದಳು.

"ಸಾಮಿ, ಒಂದು ವಾರ ಆಯ್ತು, ಕುಡಿಯಾಕೂ ನೀರಿಲ್ಲ."

"ಅಮ್ಮಾ, ನಾವು ಮಾಡೋದು ಸಬಲೀಕರಣ. ನೀರು ನಮ್ಮ ವಿಭಾಗಕ್ಕೆ ಬರಲ್ಲ," ಎಂದು ಮಹಾನಂದರು ಬಹಳ ನಯವಾಗಿಯೇ ಹೇಳಿ ಸ್ಕೂಟರು ಹತ್ತಿದರು.

ಮರುದಿನ ಬೆಳಿಗ್ಗೆ ನರಸಮ್ಮ ಬಿಂದಿಗೆ ಸೊಂಟಕ್ಕೇರಿಸಿ ಹೊರಟಳು. ಹಿಂದೆ ಹನ್ನೊಂದು ಜನ ಹೆಂಗಸರು. ನಲವತ್ತು ವರ್ಷ ವಿಶ್ವವಿದ್ಯಾಲಯದ ಗೇಟಿನ ಮುಂದೆಯೇ ಬುಟ್ಟಿ ಹೊತ್ತು ನಡೆದಿದ್ದರೂ ಅವಳು ಒಳಗೆ ಕಾಲಿಟ್ಟವಳಲ್ಲ.

"ಎಲ್ಲಿಗಮ್ಮೋ ದಂಡು?" ಎಂದ ಓಬಳಪ್ಪ.

"ಮನೆಗೆ. ದತ್ತು ತಗೊಂಡವ್ರಲ್ಲಪ್ಪ."

"ಇವತ್ತು ಬ್ಯಾಡ ಕಣಮ್ಮ, ಇವತ್ತೇ ದೆಹಲಿಯೋರು ಬರೋದು."

ನರಸಮ್ಮ ಗೇಟಿನ ಮೇಲೆ ನೋಡಿದಳು. ಅಲ್ಲಿ ಸಬ್ಬಸಿಗೆ ಸೊಪ್ಪು ಹಿಡಿದ ಅವಳದೇ ಫೋಟೋ ಎಂಟಡಿ ಅಗಲಕ್ಕೆ ನಗುತ್ತಿತ್ತು. ಓಬಳಪ್ಪನೂ ತಲೆಯೆತ್ತಿ ನೋಡಿದ. ಇಷ್ಟು ದೊಡ್ಡ ಫೋಟೋ ಇರುವವರನ್ನು ತಡೆದರೆ ಯಾರು ಏನನ್ನುತ್ತಾರೋ ತಿಳಿಯದೆ ಪಕ್ಕಕ್ಕೆ ಸರಿದ.

ಒಳಗೆ ಬೋರ್‌ವೆಲ್ ನೀರು ಹುಲ್ಲುಹಾಸಿನ ಮೇಲೆ ಧಾರಾಳವಾಗಿ ಹರಿಯುತ್ತಿತ್ತು. ಹೆಂಗಸರು ಪೈಪಿನ ಮುಂದೆ ಸಾಲಾಗಿ ನಿಂತು ಬಿಂದಿಗೆ ತುಂಬಿಸತೊಡಗಿದರು. ಐದನೆಯ ಬಿಂದಿಗೆ ತುಂಬುವ ಹೊತ್ತಿಗೆ ಬಿಳಿ ಕಾರೊಂದು ಬಂದು ನಿಂತು ಸಮಿತಿಯ ಅಧ್ಯಕ್ಷೆ ಇಳಿದರು. ಮಹಾನಂದರು ಓಡೋಡಿ ಬಂದರು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತ್ತು.

ಇದೇನು ಎಂದು ಅಧ್ಯಕ್ಷೆ ಕೇಳಿದಾಗ ಮಹಾನಂದರ ಬಾಯಿಂದ ಹೊರಟದ್ದು, "ಸಂಪನ್ಮೂಲ ಹಂಚಿಕೆ ಮೇಡಂ," ಎಂಬ ಮಾತು. ಅದು ತಮಗೆ ಹೇಗೆ ಹೊಳೆಯಿತು ಎಂದು ಅವರಿಗೇ ಆಶ್ಚರ್ಯವಾದಂತಿತ್ತು.

ಅಧ್ಯಕ್ಷೆ ನರಸಮ್ಮನ ಕಡೆ ತಿರುಗಿ, ದಿನಾ ಬರುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ಮಹಾನಂದರು ಅನುವಾದ ಮಾಡಲು ಬಾಯಿ ತೆರೆದರು. ಆದರೆ ಮಾರ್ಕೆಟ್ಟಿನಲ್ಲಿ ಹಿಂದಿ ಮಾತಾಡುವ ಹಣ್ಣಿನ ವ್ಯಾಪಾರಿಗಳ ಜೊತೆ ಏಗಿದ ನರಸಮ್ಮನಿಗೆ ಅಷ್ಟು ಹಿಂದಿ ಬರುತ್ತಿತ್ತು. ಅವಳು ತಾನೇ ಹೇಳಿದಳು:

"ರೋಜ್. ಛೇ ಸೇ ಆಠ್."

ಅಧ್ಯಕ್ಷೆ ಬೆಳಿಗ್ಗೆ ಆರರಿಂದ ಎಂಟು ಎಂದು ಪುಸ್ತಕದಲ್ಲಿ ಬರೆದುಕೊಂಡರು, ಮಹಾನಂದರ ಕೈ ಕುಲುಕಿದರು. ಬರೆದದ್ದನ್ನು ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಗ್ರೇಡು ಬಂತು. ಮುಂದಿನ ತಿಂಗಳು ಕಾಂಪೌಂಡು ಕೊರೆದು ಗಲ್ಲಿಯ ಕಡೆಗೆ ಎರಡು ನಲ್ಲಿ ಹಾಕಿಸಿದರು. ಕುಲಪತಿಗಳು ಟೇಪು ಕತ್ತರಿಸಿ, ನೆರೆಹೊರೆಯೊಂದಿಗಿನ ತಮ್ಮ ಬಹುಕಾಲದ ಬಾಂಧವ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಸಾಲು ಎಲ್ಲಿಂದ, ಸರದಿ ಯಾರದು ಎಂದು ನೋಡಿಕೊಳ್ಳುವ ಕೆಲಸ ತಾನಾಗಿಯೇ ನರಸಮ್ಮನದಾಯಿತು.

ಮರುವರ್ಷದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಮಹಾನಂದರು ಸ್ಕೂಟರಿನಲ್ಲಿ ಎರಡು ಖಾಲಿ ಕ್ಯಾನು ಇಟ್ಟುಕೊಂಡು ನಲ್ಲಿಯ ಹತ್ತಿರ ಬಂದು ನಿಂತರು. ಬಸವನಗುಡಿಯ ಅವರ ಮನೆಯಲ್ಲೂ ನೀರು ನಿಂತು ಮೂರು ದಿನವಾಗಿತ್ತು.

"ಕಾಲೇಜಿನ ಒಳಗೇ ಹಿಡ್ಕೋಬಹುದಲ್ಲ ಸಾಮಿ?"

"ಮನೆಗೆ ಒಯ್ಯೋಕೆ ಪರ್ಮಿಶನ್ ಕೊಡಲ್ಲ ಅಮ್ಮಾ," ಎಂದರು ಮಹಾನಂದರು, ನೆಲ ನೋಡುತ್ತ.

ನರಸಮ್ಮನಿಗೆ ನಗು ಬಂತು, ಪಾಪ ಅನ್ನಿಸಿತು ಕೂಡ. ಅವರನ್ನು ಸಾಲಿನ ಕೊನೆಗೇ ನಿಲ್ಲಿಸಿದಳು. ಅವರ ಸರದಿ ಬಂದಾಗ ಮಾತ್ರ ಕ್ಯಾನಿನ ಮುಚ್ಚಳ ತಾನೇ ಬಿಗಿ ಮಾಡಿ, ಸ್ಕೂಟರಿನ ಮೇಲೆ ಎತ್ತಿಡಲು ಒಂದು ಕೈ ಕೊಟ್ಟಳು.