ಹಸಿರು ಕೊಡೆಯವರ ಯಂತ್ರ

ನನ್ನ ಬ್ಲಾಗಿಗೆ ಓದುಗರು ಇಬ್ಬರು. ಒಬ್ಬಳು ಅಕ್ಕನ ಮಗಳು, ಇನ್ನೊಬ್ಬಳು ನಾನೇ. ಹೊಲಿಗೆ ಯಂತ್ರ ರಿಪೇರಿ ಮಾಡುವವಳು ಬರೆದದ್ದನ್ನು ಜನ ಮುಗಿಬಿದ್ದು ಓದಲಿ ಎಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಆದರೆ ಈ ಸಲ ಓದುಗರು ಬೇಕಾಗಿದ್ದರು, ಅದೂ ತಿಂಗಳೊಳಗೆ.

ಕಾರಣ ಅಂಗಡಿಯ ಮೂಲೆಯಲ್ಲಿ ಕೂತಿತ್ತು. ಒಂಬತ್ತು ವರ್ಷದ ಹಿಂದೆ ಒಬ್ಬ ಹೆಂಗಸು, ಕೈಯಲ್ಲಿ ತಿರುಗಿಸುವ ಕಪ್ಪು ಯಂತ್ರವೊಂದನ್ನು ತಂದುಕೊಟ್ಟಿದ್ದರು. ದಾರ ಸಿಕ್ಕಾಗುತ್ತಿದೆ ಎಂದರು. ಮುಂದಿನ ವಾರ ಬನ್ನಿ ಎಂದೆ. ಆಮೇಲೆ ಅವರ ಪತ್ತೆಯೇ ಇಲ್ಲ. ಯಂತ್ರಕ್ಕೆ ಕಟ್ಟಿದ ಚೀಟಿಯಲ್ಲಿ ನನ್ನ ಅಕ್ಷರದಲ್ಲಿ ಎರಡೇ ಪದ: ‘ಹಸಿರು ಕೊಡೆ’.

ಇದು ಅಪ್ಪ ಹಾಕಿಕೊಟ್ಟ ಪದ್ಧತಿ. “ಹೆಸರು ಮರೆತುಹೋಗತ್ತೆ ಮಗಾ, ಗುರುತು ಮರೆಯಲ್ಲ” ಎನ್ನುತ್ತಿದ್ದ. ನಮ್ಮ ಅಂಗಡಿಯ ಚೀಟಿಗಳಲ್ಲಿ ‘ಜೋರು ಕೆಮ್ಮು’, ‘ಅವಳಿ ಮಕ್ಕಳು’, ‘ಚೌಕಾಸಿ ಮಾವ’ ಇರುತ್ತಿದ್ದರೇ ಹೊರತು ಹೆಸರು ವಿಳಾಸ ಇರುತ್ತಿರಲಿಲ್ಲ. ಎಲ್ಲರೂ ವಾರದೊಳಗೆ ಬಂದು ಒಯ್ಯುತ್ತಿದ್ದರು, ಹಾಗೇ ನಡೆಯುತ್ತಿತ್ತು. ಬಾರದವರು ಒಬ್ಬರು ಸಿಕ್ಕಾಗಲೇ ಗೊತ್ತಾದದ್ದು ಇದೆಂಥ ಎಡವಟ್ಟು ಪದ್ಧತಿ ಎಂದು.

ಈಗ ಅಂಗಡಿಯಿರುವ ಕಟ್ಟಡವನ್ನು ತಿಂಗಳ ಕೊನೆಗೆ ಕೆಡವುತ್ತಾರಂತೆ. ಹೊಸ ಅಂಗಡಿ ಇದರ ಅರ್ಧವೂ ಇಲ್ಲ. “ಅಕ್ಕಾ, ಅದನ್ನ ಗುಜರಿಗೆ ಹಾಕು, ನಿನಗೂ ನೆಮ್ಮದಿ” ಎಂದ ತಮ್ಮ. ಅಂಗಡಿಯಲ್ಲಿ ಅವನದೂ ಪಾಲಿದೆ, ಅವನು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಒಪ್ಪಿಕೊಂಡ ಮಾಲನ್ನು ಗುಜರಿಗೆ ಹಾಕಿದರೆ ನಾಳೆ ಯಾವ ಮುಖ ಹೊತ್ತು ಇನ್ನೊಬ್ಬರ ಯಂತ್ರಕ್ಕೆ ಕೈಹಾಕಲಿ? ನನಗೆ ಸಿಟ್ಟು ನೆತ್ತಿಗೇರಿತು. ತಿಂಗಳು ಮುಗಿಯುವವರೆಗೆ ಅದನ್ನು ಮುಟ್ಟಿದರೆ ನೋಡು ಎಂದು ಕೂಗಾಡಿದೆ.

ಹಸಿರು ಕೊಡೆಯವರನ್ನು ಹುಡುಕುತ್ತಿದ್ದೇನೆಂದು ನನ್ನ ಬ್ಲಾಗಿನಲ್ಲಿ ಬರೆದೆ. ಅಕ್ಕನ ಮಗಳು ಓದಿದಳು. ನಾನೂ ಓದಿದೆ. ಅಲ್ಲಿಗೆ ಮುಗಿಯಿತು.

“ಚಿಕ್ಕಮ್ಮಾ, ನಿಮ್ಮ ಮನೆಯಲ್ಲೇ ಕೂತು ಕೂಗಿದ್ರೆ ಯಾರಿಗೆ ಕೇಳಿಸತ್ತೆ?” ಎಂದಳು ಅವಳು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಆದರೆ ರೋಗಿಗಳಿಗಿಂತ ಅವಳ ಬಾಯೇ ಸದಾ ತೆರೆದಿರುತ್ತದೆ. “ಜನ ಇರೋ ಮನೆಗೆ ಹೋಗಿ ಕೂಗಬೇಕು. ಬೇರೆಯವರ ಬ್ಲಾಗಲ್ಲಿ ಅತಿಥಿಯಾಗಿ ಒಂದು ಬರಹ ಬರೀರಿ.”

“ಕರೀದೆ ಹೋಗೋದಾ?”

“ಕರೆಯೋರು ಬೇಕಾದಷ್ಟು ಜನ ಇದ್ದಾರೆ. ಹುಡುಕಬೇಕಷ್ಟೆ.”

ಹುಡುಕುವ ಬಗೆಯನ್ನೂ ಅವಳೇ ಹೇಳಿಕೊಟ್ಟಳು. ‘ಅತಿಥಿ ಬರಹಗಳಿಗೆ ಸ್ವಾಗತ’, ‘ನೀವೂ ಬರೆಯಿರಿ’ ಎಂಬ ಮಾತುಗಳ ಜೊತೆಗೆ ಬಟ್ಟೆ, ಹೊಲಿಗೆ, ಹಳೇ ಸಾಮಾನು ಎಂದೆಲ್ಲ ಸೇರಿಸಿ ಹುಡುಕುವುದು. ಒಂದು ಬ್ಲಾಗಿನಲ್ಲಿ ಅತಿಥಿಯಾಗಿ ಬರೆದವರು ಇನ್ನೆಲ್ಲೆಲ್ಲಿ ಬರೆದಿದ್ದಾರೆಂದು ಬೆನ್ನುಹತ್ತುವುದು. ಅಬ್ಬಬ್ಬಾ, ಎಂಥೆಂಥ ಜನ! ಒಬ್ಬರು ಬರೀ ಮೆಟ್ಟಿಲುಗಳ ಫೋಟೋ ಹಾಕುತ್ತಾರೆ. ಇನ್ನೊಬ್ಬರು ಬಸ್ಸಿನಲ್ಲಿ ಬಿದ್ದುಸಿಕ್ಕಿದ ಗುಂಡಿಗಳನ್ನು ಕೂಡಿಟ್ಟು, ಒಂದೊಂದೂ ಯಾವ ಅಂಗಿಯದಿರಬಹುದೆಂದು ಪುಟಗಟ್ಟಲೆ ಊಹಿಸುತ್ತಾರೆ. ಮಗದೊಬ್ಬರಿಗೆ ತಮ್ಮ ಬೆಕ್ಕು ಮಲಗುವ ಜಾಗಗಳೇ ಜಗತ್ತು. ನನ್ನಂಥ ಕುತೂಹಲದವಳಿಗೆ ಇಂಥದ್ದು ಸಿಕ್ಕರೆ ಕೇಳಬೇಕೆ? ಮಧ್ಯಾಹ್ನದ ಊಟವನ್ನೇ ಮರೆತು ಓದಿದೆ. ನಾಲ್ಕು ದಿನದಲ್ಲಿ ಇಪ್ಪತ್ತಮೂರು ಬ್ಲಾಗುಗಳ ಪಟ್ಟಿ ಆಯಿತು.

ಹುಡುಕಾಟದ ಸುದ್ದಿ ಎತ್ತದೆ, ಅತಿಥಿ ಬರಹಕ್ಕೆ ಜಾಗ ಕೊಡಿ ಎಂದಷ್ಟೇ ಇಪ್ಪತ್ತಮೂರು ಜನರಿಗೂ ಪತ್ರ ಬರೆದೆ. ಹತ್ತೊಂಬತ್ತು ಜನ ಉತ್ತರಿಸಲಿಲ್ಲ. ಉತ್ತರಿಸಿದ ನಾಲ್ವರೂ ಬೇಡವೆಂದರು.

ಅಕ್ಕನ ಮಗಳು ನನ್ನ ಪತ್ರಗಳನ್ನು ತೆರೆದು ಓದಿ ತಲೆ ಚಚ್ಚಿಕೊಂಡಳು. “ಗುಂಡಿಯವರಿಗೆ ಇದೇನು ಬರೆದಿದೀರಿ? ‘ನೀವು ಕೋಟಿನ ಗುಂಡಿ ಅಂದುಕೊಂಡಿರುವುದು ದಿಂಬಿನ ಚೀಲದ್ದು, ತಿದ್ದಿಕೊಳ್ಳಿ.’ ಮೆಟ್ಟಿಲವರಿಗೆ, ‘ಮೂರನೇ ಫೋಟೋ ಓರೆಯಾಗಿದೆ.’ ಚಿಕ್ಕಮ್ಮಾ, ಅತಿಥಿಯಾಗಿ ಹೋಗೋಕೆ ಮೊದಲೇ ಅವರ ಮನೆ ಗೋಡೆ ಬಿರುಕು ಎಣಿಸ್ತೀರಲ್ಲ!”

“ಬಿರುಕಿತ್ತು, ಹೇಳಿದೆ.”

“ಕೇಳಿದ್ರಾ ಅವರು?”

ಕೇಳಿರಲಿಲ್ಲ. ಆದರೆ ಮೂವತ್ತು ವರ್ಷದಿಂದ ಯಂತ್ರದ ತಳ ಬಿಚ್ಚಿ ಮೊದಲು ದೋಷ ನೋಡಿಯೇ ಬದುಕಿದವಳು ನಾನು. ಹುಟ್ಟುಗುಣ ಸುಟ್ಟರೂ ಹೋಗದು.

ಬೇಡವೆಂದ ನಾಲ್ವರಲ್ಲಿ ‘ಹಳೇ ಕಪಾಟು’ ಎಂಬ ಬ್ಲಾಗಿನವಳು ಮಾತ್ರ ಎರಡು ಸಾಲು ಹೆಚ್ಚು ಬರೆದಿದ್ದಳು. ಪ್ರತಿ ಭಾನುವಾರ ಒಂದು ಹಳೆಯ ಉಡುಪಿನ ಕತೆ ಹೇಳುವವಳು ಅವಳು. ‘ನನ್ನ ತಪ್ಪು ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ನೀವು ಓದಿರುವುದು ಒಂದೇ ಬರಹ. ಎಲ್ಲ ಓದಿ, ಆಮೇಲೆ ಬನ್ನಿ.’ ಓಹೋ, ನನಗೇ ಪಾಠವಾ! ಹಟಕ್ಕೆ ಬಿದ್ದು ನೂರನಲವತ್ತು ಬರಹಗಳನ್ನೂ ಓದಲು ಕೂತೆ. ಈ ಸಲ ತಪ್ಪು ಹುಡುಕಬಾರದೆಂದು ಕೈಯಲ್ಲಿದ್ದ ಪೆನ್ನನ್ನು ಡ್ರಾಯರಿಗೆ ಹಾಕಿದೆ.

ಓದುತ್ತಾ ಓದುತ್ತಾ ನನಗೆ ಅವಳು ಹಿಡಿಸಿದಳು. ಒಂದು ಜೇಬಿನ ಬಗ್ಗೆಯೇ ಎರಡು ಪುಟ ಬರೆಯಬಲ್ಲಳು, ಆಕಳಿಕೆ ಬರದ ಹಾಗೆ. ಎಂಬತ್ತೇಳನೆಯ ಬರಹದಲ್ಲಿ ಒಂದು ಪುಟ್ಟ ಫ್ರಾಕು. ಹಳದಿ ಬಟ್ಟೆ, ಮೇಲೆ ನೀಲಿ ಚುಕ್ಕಿ. ‘ಅಮ್ಮ ಹೊಲಿದದ್ದು’ ಎಂದು ಬರೆದಿದ್ದಳು. ‘ಅಮ್ಮನ ಹೊಲಿಗೆ ನೆಟ್ಟಗಿರುತ್ತಿರಲಿಲ್ಲ. ಏಳೆಂಟು ಹೆಜ್ಜೆ ಸರಿಯಾಗಿ ಹೋಗಿ ಒಂದು ಹೆಜ್ಜೆ ಗಿಡ್ಡ. ಸಾಲು ಎಡಕ್ಕೆ ವಾಲುತ್ತದೆ. ಈಗ ಅಮ್ಮನೂ ಇಲ್ಲ, ಯಂತ್ರವೂ ಇಲ್ಲ. ಯಾರಿಗೆ ಕೊಟ್ಟರೋ ಹೇಳಲಿಲ್ಲ.’ ಕೆಳಗೆ ಹೊಲಿಗೆಯ ಫೋಟೋ ದೊಡ್ಡದಾಗಿ ಇತ್ತು.

ಆ ಹೊಲಿಗೆ ನನಗೆ ಗೊತ್ತು. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲುಗಳಿರುತ್ತವೆ, ಎರಡು ಸಾಲು. ಎಡಸಾಲಿನಲ್ಲಿ ಮೂರು ಹಲ್ಲು ಸವೆದರೆ ಬಟ್ಟೆ ಆಗಾಗ ಜಾರಿ ಹೀಗಾಗುತ್ತದೆ. ಹಸಿರು ಕೊಡೆಯವರ ಯಂತ್ರದಲ್ಲಿ ಸವೆದಿದ್ದವೂ ಎಡಸಾಲಿನ ಮೂರೇ.

ಎದ್ದು ಕಪಾಟಿನ ಮೇಲಿನ ಡಬ್ಬಿ ಇಳಿಸಿದೆ. ಯಂತ್ರದಿಂದ ತೆಗೆದದ್ದೇನೇ ಇರಲಿ, ಅದು ಯಂತ್ರದ ಒಡೆಯರದ್ದು, ಜೊತೆಗೇ ವಾಪಸು ಹೋಗಬೇಕು. ಇದೂ ಅಪ್ಪನ ಪದ್ಧತಿಯೇ, ಇದು ಮಾತ್ರ ಎಡವಟ್ಟಲ್ಲ. ಡಬ್ಬಿಯಲ್ಲಿ ನಾನು ಬದಲಿಸಿ ತೆಗೆದಿಟ್ಟ ಹಳೆಯ ಹಲ್ಲುಪಟ್ಟಿ ಇತ್ತು. ಜೊತೆಗೆ, ಯಂತ್ರ ಬಂದಾಗ, ಬಟ್ಟೆಯನ್ನು ಒತ್ತಿಹಿಡಿಯುವ ಸೂಜಿಪಾದದ ಅಡಿ ಇದ್ದ ಬಟ್ಟೆಯ ತುಂಡು. ಬಳಸದಾಗ ಪಾದ ಬರಿ ಹಲ್ಲಿನ ಮೇಲೆ ಕೂರಬಾರದೆಂದು ಹೊಲಿಯುವವರೆಲ್ಲ ಒಂದು ಚಿಂದಿ ಇಟ್ಟಿರುತ್ತಾರೆ. ಹಳದಿ ಬಟ್ಟೆ. ನೀಲಿ ಚುಕ್ಕಿ.

ಆ ತುಂಡಿನ ಫೋಟೋ ತೆಗೆದು ಅವಳಿಗೆ ಕಳಿಸಿದೆ. ‘ನಿಮ್ಮ ಅಮ್ಮನ ಹತ್ತಿರ ಹಸಿರು ಕೊಡೆ ಇತ್ತಾ?’ ಎಂದಷ್ಟೇ ಬರೆದು ಕೆಳಗೆ ನನ್ನ ಫೋನ್ ನಂಬರು ಹಾಕಿದೆ. ಎರಡೇ ನಿಮಿಷಕ್ಕೆ ಫೋನು ಬಂತು. “ಇತ್ತು. ನಿಮ್ಮ ಅಂಗಡಿ ಎಲ್ಲಿ?” ಎಂದಳು.

ಮಾರನೆಯ ದಿನ ಮೊದಲ ರೈಲಿಗೇ ಬಂದಳು ಕಪಾಟಿನವಳು. ನಲವತ್ತರ ಆಸುಪಾಸು, ಹೆಗಲಿಗೊಂದು ಚೀಲ. ಯಂತ್ರವನ್ನು ಕಂಡವಳೇ ಅದರ ಮುಂದೆ ಕೂತಳು.

“ನಿಮ್ಮಲ್ಲಿಗೆ ಬಂದುಹೋದ ವಾರದೊಳಗೇ ಇರಬೇಕು, ಅಮ್ಮನಿಗೆ ಲಕ್ವ ಹೊಡೀತು” ಎಂದಳು. “ಮಾತು ಹೋಯ್ತು. ಬಲಗೈ ಮಾತ್ರ ಸ್ವಲ್ಪ ಆಡ್ತಿತ್ತು. ಅದನ್ನ ಹೀಗೆ ಗುಂಡಗೆ ತಿರುಗಿಸಿ ತಿರುಗಿಸಿ ಏನೋ ಹೇಳೋರು. ಫ್ಯಾನ್ ಹಾಕು ಅಂತಿದಾರೆ ಅಂದ್ಕೊಂಡೆ. ಹಾಕಿದ್ರೆ ತಲೆ ಆಡಿಸೋರು. ಆರಿಸ್ತಿದ್ದೆ. ಮತ್ತೆ ತಿರುಗಿಸೋರು. ಒಂದೂವರೆ ತಿಂಗಳು ಫ್ಯಾನ್ ಹಾಕಿದೆ, ಆರಿಸಿದೆ.”

ಅವಳು ಯಂತ್ರದ ಹಿಡಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು. ನಾನು ದಾರ ಪೋಣಿಸಿಕೊಟ್ಟೆ.

ಚೀಲದಿಂದ ಬಟ್ಟೆ ತೆಗೆದು ಹೊಲಿದಳು. ಹೊರತೆಗೆದು ಬೆಳಕಿಗೆ ಹಿಡಿದಳು. ಹೊಲಿಗೆ ನೂಲು ಹಿಡಿದಂತೆ ನೆಟ್ಟಗಿತ್ತು, ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವಳ ಮುಖ ಬಾಡಿಹೋಯಿತು.

“ಚೆನ್ನಾಗಿದೆ” ಎಂದಳು. “ಅಮ್ಮನದಲ್ಲ.”

ದಾರ ಸಿಕ್ಕಾಗುವುದನ್ನು ಸರಿಮಾಡಿ ಎಂದಷ್ಟೇ ಅವರು ಹೇಳಿದ್ದು. ಹಲ್ಲು ಬದಲಾಯಿಸಿ ಎಂದು ಹೇಳಿರಲೇ ಇಲ್ಲ. ತಳ ಬಿಚ್ಚಿದೆ, ದೋಷ ಕಂಡಿತು, ತಿದ್ದಿದೆ. ಯಾರು ಕೇಳಿದ್ದರು ನನ್ನನ್ನು? ಗುಂಡಿಯವರೂ ಕೇಳಿರಲಿಲ್ಲ, ಮೆಟ್ಟಿಲವರೂ ಕೇಳಿರಲಿಲ್ಲ.

“ಹತ್ತು ನಿಮಿಷ ಕೂತ್ಕೋ ಮಗಳೇ” ಎಂದು ಡಬ್ಬಿ ತೆರೆದೆ.

ತಮ್ಮ ಕತ್ತು ಉದ್ದ ಮಾಡಿ ನೋಡಿದ. “ಅಕ್ಕಾ, ಇದೇನು ಮಾಡ್ತಿದ್ದೀ? ಅದು ಸವೆದ ಮಾಲು!” ಅಕ್ಕನ ಮಗಳೂ ಅಲ್ಲೇ ಇದ್ದಳು. “ಒಳ್ಳೇ ಹಲ್ಲು ಕಿತ್ತು ಹುಳುಕು ಹಲ್ಲು ಕೂರಿಸೋದನ್ನ ನಾನಂತೂ ನೋಡಿಲ್ಲ” ಎಂದಳು. ಇಬ್ಬರಿಗೂ ಬಾಯಿ ಮುಚ್ಚಿ ಎಂದೆ. ಹೊಸ ಪಟ್ಟಿ ಬಿಚ್ಚಿ ಹಳೆಯದನ್ನು ಕೂರಿಸಿದೆ, ಸ್ಕ್ರೂ ಬಿಗಿದೆ. ನನ್ನ ಕೈಯಾರೆ ನಾನು ಕೆಡಿಸಿದ ಯಂತ್ರ ಇದೊಂದೇ.

ಅವಳು ಮತ್ತೆ ಹೊಲಿದಳು. ಏಳು ಹೆಜ್ಜೆ ಸರಿಯಾಗಿ ಹೋಯಿತು. ಎಂಟನೆಯದು ಗಿಡ್ಡ. ಸಾಲು ಮೆಲ್ಲಗೆ ಎಡಕ್ಕೆ ವಾಲಿತು. ಬಟ್ಟೆಯ ತುದಿ ಬಂದರೂ ಅವಳು ನಿಲ್ಲಿಸಲಿಲ್ಲ. ಬರಿ ಹಿಡಿಯನ್ನು ತಿರುಗಿಸುತ್ತಲೇ ಇದ್ದಳು, ಕಣ್ಣಿಂದ ಧಾರಾಕಾರ ನೀರು. ತಮ್ಮ ಹೊರಗೆ ಹೋಗಿ ನಿಂತ.

ಹೊರಡುವಾಗ ಕೇಳಿದಳು, “ನಮ್ಮ ಕಪಾಟಿಗೆ ಬರೀತೀರಾ? ಅತಿಥಿಯಾಗಿ?”

“ಹುಡುಕಬೇಕಾದವರು ಸಿಕ್ಕರಲ್ಲ. ಇನ್ನೇನು ಬರೀಲಿ?”

“ಅಮ್ಮ ಮನೆಯಿಂದ ಹೊರಗೆ ಬಂದಿದ್ದು ಅದೇ ಕಡೇ ಸಲ ಇರಬೇಕು. ಅವರು ಸರಿಯಾಗಿ ಮಾತಾಡಿದ್ದನ್ನ ಆಮೇಲೆ ಯಾರೂ ಕೇಳಿಲ್ಲ, ನಾನೂ ಊರಲ್ಲಿರಲಿಲ್ಲ. ಕೇಳಿದೋರು ನೀವು. ಏನಂದ್ರು ಅನ್ನೋದನ್ನ ಬರೀರಿ, ಸಾಕು. ಏನೂ ತಿದ್ದಬೇಡಿ.”

ಅವತ್ತು ಸಂಜೆ ಕೂತು ನೆನಪು ಮಾಡಿಕೊಂಡೆ. ಕೊಡೆಯನ್ನು ಬಾಗಿಲಿಗೆ ಒರಗಿಸಿದ್ದು, ಬೆವರೊರೆಸಿಕೊಂಡದ್ದು, ಯಂತ್ರದ ಮೇಲೆ ಕೈಯಿಟ್ಟು ನಿಂತದ್ದು. ನನ್ನ ಮೊದಲ ಅತಿಥಿ ಬರಹ ಹೀಗೆ ಶುರುವಾಯಿತು: ‘ಮುಂದಿನ ವಾರ ಬನ್ನಿ ಎಂದೆ. ಅದಕ್ಕವರು, ಅವಸರ ಇಲ್ಲಮ್ಮ, ನಿಧಾನವಾಗಿ ಮಾಡು, ನನ್ನ ಮಗಳು ಬರೋಕೆ ಇನ್ನೂ ಒಂದು ತಿಂಗಳಿದೆ, ಅವಳು ಬಂದಾಗ ಯಂತ್ರ ಮನೇಲಿದ್ರೆ ಸಾಕು ಎಂದರು.’