ಗಾಲಿಗೆ ರಬ್ಬರ್ ಬಣ್ಣ, ಮುಂದೆ ಕರ್ಪೂರ

ಅಮಾವಾಸ್ಯೆ ಬಂದರೆ ತುರ್ವಿಹಾಳದಲ್ಲಿ ಗಾಡಿಗಳ ಮರ್ಯಾದೆಯೇ ಬೇರೆ. ತೊಳೆದು, ಹೂವು ಏರಿಸಿ, ಒಂದೊಂದು ಗಾಲಿಯ ಮುಂದೆಯೂ ಕರ್ಪೂರ ಹಚ್ಚಬೇಕು. ಬೀರಲಿಂಗನ ಬಾಡಿಗೆ ಕಾರಿಗೆ ಆ ಪೂಜೆ ಮಾಡುವವಳು ಅವನ ತಾಯಿ ಗ್ಯಾನಮ್ಮ.

ಈ ಸಲ ಬೀರಲಿಂಗ ಸಿಂಧನೂರಿನಿಂದ ನಾಲ್ಕು ಸ್ಪ್ರೇ ಡಬ್ಬಿ ತಂದಿದ್ದ. ಕಪ್ಪು ರಬ್ಬರ್ ಬಣ್ಣ. ಗಾಲಿಯ ರಿಮ್ಮಿಗೂ ಕಾರಿನ ಮೂತಿಯ ಬೆಳ್ಳಿ ಬಣ್ಣದ ಪಟ್ಟಿಗೂ ಹೊಡೆದರೆ ಗೀರು ಬೀಳುವುದಿಲ್ಲ. ಬೇಡವೆನಿಸಿದ ದಿನ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆಯಬಹುದು. ಒಳ್ಳೆಯ ವಸ್ತುವೇ. ಆದರೆ ಹೊರಗೆ ಭತ್ತದ ರಾಶಿಯ ಧೂಳು ಹಸಿ ಬಣ್ಣಕ್ಕೆ ಅಂಟುತ್ತದೆಂದು ಆ ಪುಣ್ಯಾತ್ಮ ಕಾರನ್ನು ತಗಡಿನ ಶೆಡ್ಡಿಗೆ ಹಾಕಿ, ಬಾಗಿಲು ಮುಚ್ಚಿ ಹೊಡೆಯತೊಡಗಿದ. ಅದೇ ಶೆಡ್ಡಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಎಂಟು ತಿಂಗಳ ಮಗಳನ್ನು ಮಲಗಿಸಿದ್ದರು!

ಅವನ ಹೆಂಡತಿ ದುರ್ಗಾದೇವಿ ನಳದಿಂದ ಕೊಡ ಹೊತ್ತು ಬಂದಳು. ಅಂಗಳಕ್ಕೆ ಕಾಲಿಡುತ್ತಲೇ ಮೂಗಿಗೆ ವಾಸನೆ ಬಡಿಯಿತು. ಅಡುಗೆಮನೆಯ ಸಿಲಿಂಡರ್ ಸೋರಿತೇನೋ ಎಂದುಕೊಂಡಳು. ಶೆಡ್ಡಿನೊಳಗೆ ಮಗು ಕೆಮ್ಮುತ್ತಿತ್ತು. ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ಅತ್ತೆ, ಕೈಯಲ್ಲಿ ಉರಿಯುವ ಕರ್ಪೂರದ ತಟ್ಟೆ.

ದುರ್ಗಾದೇವಿ ಕೊಡದ ನೀರನ್ನೆಲ್ಲ ತಟ್ಟೆಯ ಮೇಲೆ ಸುರಿದಳು. ಬಾಗಿಲು ಒದ್ದು ತೆರೆದು, ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದಳು.

“ಅಯ್ಯ ನನ ಶಿವನ! ಅಮಾಸಿ ದಿನ ದೇವರ ಕರ್ಪೂರ ಆರಿಸಿದೇನ ಬೇ?” ಗ್ಯಾನಮ್ಮ ಚೀರಿದಳು.

“ಹೌದು ಅತ್ತಿ, ಆರಿಸೇನಿ! ನನ್ನ ಕೂಸು ಸುಡಬೇಕಿತ್ತೇನು?” ಎಂದವಳೇ ಗಂಡನ ಕಡೆ ತಿರುಗಿದಳು. “ಏನ್ರೀ, ತಲ್ಯಾಗ ಮಿದುಳ ಐತೋ, ಹೊಟ್ಟು ತುಂಬೈತೋ? ಕೂಸು ಒಳಗ ಮಲಗೈತಿ, ಬಾಗ್ಲಾ ಹಾಕ್ಕೊಂಡು ಇದನ್ನ ಹೊಡ್ಯಾಕತ್ತೀರಿ!”

ಬೀರಲಿಂಗ ಶೆಡ್ಡಿನಿಂದ ಹೊರಬಂದು, ತಲೆ ಸುತ್ತಿ ಗೋಡೆ ಹಿಡಿದಿದ್ದ. ಬಾಯಿ ಮಾತ್ರ ಕಡಿಮೆಯಾಗಿರಲಿಲ್ಲ. “ರಬ್ಬರ್ ಐತಿ ಅದು, ಪೆಟ್ರೋಲ್ ಅಲ್ಲ. ಸುಮ್ನ ಊರು ಕೂಡಸಬ್ಯಾಡ.”

ಗದ್ದಲ ಕೇಳಿ ಪಕ್ಕದ ಮನೆಯ ನಜಮಾ ಬಂದಳು. ಸಿಂಧನೂರಿನಲ್ಲಿ ತಂದೆ ಇಸ್ಮಾಯಿಲ್‌ಸಾಬ್ ನಡೆಸುವ ಗಾಡಿ ಪೇಂಟಿಂಗ್ ಅಂಗಡಿಯಲ್ಲಿ ಸ್ಪ್ರೇ ಕೆಲಸ ಅವಳದೇ. ಬೀರಲಿಂಗನ ಕೈಯಲ್ಲಿದ್ದ ಡಬ್ಬಿಯನ್ನು ಕಸಿದು ಅವನ ಮುಖದ ಮುಂದೆ ಹಿಡಿದಳು.

“ಈ ಬೆಂಕಿ ಚಿತ್ರ ಕಾಣಲಿಲ್ಲೇನಣ್ಣ?”

“ಕಂಪನಿ ಮಾರ್ಕ್ ಅನ್ಕೊಂಡಿದ್ದೆ.”

“ಮಾರ್ಕ್ ಅಂತ, ಮಾರ್ಕು! ಒಣಗಿದ ಮ್ಯಾಲ ರಬ್ಬರ್ ಅದು. ಹೊಡಿಯಾಗ ಗ್ಯಾಸು, ಬಣ್ಣ ತೆಳು ಮಾಡೋ ಥಿನ್ನರು ಬರತಾವು. ಮುಚ್ಚಿದ ಜಾಗದಾಗ ತುಂಬ್ಕೊಂಡು ಕುಂದ್ರತಾವು. ಒಂದು ಬೀಡಿ ಸಾಕು, ಭಗ್ ಅಂತೈತಿ. ನಮ್ಮ ಅಬ್ಬಾ ಊದಿನಕಡ್ಡಿ ಹಚ್ಚಿಟ್ಟು ಸ್ಪ್ರೇ ಹೊಡದಿದ್ರು. ಬೆಂಕಿ ಹತ್ತಿ ಸುಟ್ಟ ಅವರ ಬಲಗೈ ಬಟ್ಟು ಇವತ್ತಿಗೂ ಮಡಚಂಗಿಲ್ಲ. ಮೊದಲ ಕೂಸಿನ್ನ ದವಾಖಾನಿಗೆ ತೋರಸ್ರಿ!”

ಇಸ್ಮಾಯಿಲ್‌ಸಾಬ್ ಎಡಗೈಯಲ್ಲಿ ಚಹಾ ಕುಡಿಯುವುದನ್ನು ಬೀರಲಿಂಗ ಎಷ್ಟೋ ಸಲ ನೋಡಿದ್ದ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಗೋಡೆ ಬಿಟ್ಟು, ಹೆಂಡತಿ ಮಗುವಿನೊಡನೆ ದವಾಖಾನೆಗೆ ಹೊರಟ.

ಮಧ್ಯಾಹ್ನ ದವಾಖಾನೆಯಿಂದ ಬಂದಾಗ ಮಗು ನಗುತ್ತಿತ್ತು. ದುರ್ಗಾದೇವಿಯ ಸಿಟ್ಟು ಇಳಿದಿರಲಿಲ್ಲ. ಶೆಡ್ಡಿನಿಂದ ಜೋಳಿಗೆಯನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಕಟ್ಟಿದಳು. ಗಾಳಿ ಆಡಿ ವಾಸನೆ ಹೋದ ಮೇಲೆ ಬೀರಲಿಂಗ ಕಾರನ್ನು ದಬ್ಬಿ ಬಯಲಿಗೆ ತಂದ. ಗ್ಯಾನಮ್ಮ ಬಂದು ಗಾಲಿಗಳ ಮುಂದೆ ಬರೀ ಹೂವು ಇಟ್ಟಳು. ಕರ್ಪೂರದ ಪೊಟ್ಟಣವನ್ನು ಸೊಸೆಯ ಕೈಗೆ ಕೊಟ್ಟು ಮಗನಿಗೆ ಹೇಳಿದಳು: “ಲೇ ಬೀರ್ಯಾ, ಇನ್ನ ಮ್ಯಾಲ ಪೂಜಿ ದಿನ ಪೂಜಿ. ಬಣ್ಣ ಬ್ಯಾರೆ ದಿನ. ತಿಳೀತಿಲ್ಲೋ?”

“ತಿಳೀತು ಯವ್ವ,” ಎಂದ ಬೀರಲಿಂಗ. ಉಳಿದ ಬಣ್ಣವನ್ನು ಮರುದಿನ ನಜಮಾ ಎದುರಿಗೆ ನಿಂತು ಬಯಲಿನಲ್ಲೇ ಹೊಡೆಸಿದಳು.

ಅಣ್ಣಂದಿರೇ, ಅಕ್ಕಂದಿರೇ, ಮಸ್ಕಿಯಲ್ಲಿರಲಿ, ಲಿಂಗಸೂಗೂರಿನಲ್ಲಿರಲಿ, ನಿಮ್ಮ ಗಾಡಿ ಚೆಂದ ಕಾಣಲಿ, ಯಾರು ಬೇಡವೆಂದರು? ಬಯಲಿನಲ್ಲಿ ಹೊಡೆಯಿರಿ. ಮಾಸ್ಕ್ ಹಾಕಿಕೊಳ್ಳಿ. ಬ್ರೇಕಿಗೆ ಬಣ್ಣ ತಾಗದಂತೆ ಮುಚ್ಚಿರಿ. ಕರ್ಪೂರ, ಊದಿನಕಡ್ಡಿ, ಬೀಡಿ ಹತ್ತಿರ ಸುಳಿಯಬಾರದು, ಮಕ್ಕಳಂತೂ ಬೇಡವೇ ಬೇಡ. ಡಬ್ಬಿಯ ಮೇಲಿನ ಬೆಂಕಿಯ ಚಿತ್ರವನ್ನು ಕಣ್ಣು ಬಿಟ್ಟು ನೋಡಿ. ಗಾಲಿಯ ಬಣ್ಣ ಕೆಟ್ಟರೆ ಸುಲಿದು ಹೊಸದು ಹೊಡೆಯಬಹುದು. ಕೂಸಿನ ಚರ್ಮ ಸುಟ್ಟರೆ ಏನು ಹೊಡೆಯುತ್ತೀರಿ?