ಕಾರಿಗೆ ಕುಡಿಸಿದ ನೀರು

ಬಿಜ್ಜರಗಿಯ ಮುರಿಗೆವ್ವ ತನ್ನ ಎಪ್ಪತ್ತು ವರ್ಷದ ಬಾಳಿನಲ್ಲಿ ನೀರು ಕುಡಿಸದೆ ಒಂದು ಎತ್ತಿಗೂ ನೊಗ ಹೂಡಿದವಳಲ್ಲ. ಎತ್ತು ಹೋಗಿ ಮನೆಗೆ ಹಳೆಯ ಬಿಳಿ ಕಾರು ಬಂದ ಮೇಲೂ ಆ ರೂಢಿ ಬಿಡಲಿಲ್ಲ. ಊರಿಗೆ ಹೊರಡುವ ದಿನ ಬೆಳಕು ಹರಿಯುವ ಮೊದಲೇ ಎದ್ದು, ಬಾನೆಟ್ಟು ಎತ್ತಿ, ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತಿರುವಿ, "ಕುಡಿ ನನ್ನಪ್ಪಾ, ನನ್ನ ಮಗನ್ನ ಹೊತಗೊಂಡು ಹೋಗಾಂವ ನೀನ" ಎಂದು ಒಂದು ತಂಬಿಗೆ ಸುರಿಯುವಳು.

ಹೊತ್ತುಕೊಂಡು ಹೋಗುವುದು ಸಣ್ಣ ಮಾತಾಗಿರಲಿಲ್ಲ. ಮಗ ಈರಯ್ಯನ ಎರಡೂ ಕಿಡ್ನಿ ಕೆಟ್ಟು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ವಿಜಯಪುರದ ದವಾಖಾನೆಯಲ್ಲಿ ಮಷೀನಿಗೆ ಹಚ್ಚಿ ರಕ್ತ ತೊಳೆಸಬೇಕು. ಒಂದು ಸಲ ತಪ್ಪಿದರೆ ಕಾಲು ಬಾಯುತ್ತಿದ್ದವು; ಎರಡು ಸಲ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ಬಾಯಿಬಿಟ್ಟು ಹೇಳಿರಲಿಲ್ಲ, ಬರೀ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಸೊಸೆ ವಿದ್ಯಾವತಿ ಅದಕ್ಕಾಗಿಯೇ ಕಾರು ಕಲಿತಳು. ಕಲಿಯುವಾಗ ಊರ ನಾಯಿಗಳೆಲ್ಲ ತಿಂಗಳುಗಟ್ಟಲೆ ಮಾಳಿಗೆಯ ಮೇಲೆಯೇ ಸಂಸಾರ ಮಾಡಿದವು ಎಂದು ಮುರಿಗೆವ್ವ ಇವತ್ತಿಗೂ ಕಾಡುತ್ತಾಳೆ.

ಮೂರು ವಾರದ ಕೆಳಗೆ ರೇಡಿಯೇಟರಿನ ಬಾಯಲ್ಲಿ ನೀರು ಕೆಂಪಗೆ ಕಂಡಿತು. ಜಂಗು, ತುಕ್ಕು ಹಿಡಿದಿತ್ತು. ಮುರಿಗೆವ್ವನಿಗೆ ಥಟ್ಟನೆ ಹೊಳೆದದ್ದು ಮಣೂಕದ, ಒಣದ್ರಾಕ್ಷಿಯ ಶೆಡ್ಡು. ದ್ರಾಕ್ಷಿಯನ್ನು ಒಣಗಲು ಹರಡುವ ಮೊದಲು ಅದ್ದಿ ತೆಗೆಯುತ್ತಾರಲ್ಲ, ಪುಡಿ ಮತ್ತು ಎಣ್ಣೆ ಕಲಸಿದ ಹಾಲಿನಂಥ ಬಿಳಿ ನೀರು, ಅದು ಡ್ರಮ್ಮಿನಲ್ಲಿ ಉಳಿದಿತ್ತು. ಅದರಲ್ಲಿ ಕೈ ಆಡಿಸಿದರೆ ಏಳು ಜನ್ಮದ ಕೊಳೆ ಬಿಟ್ಟು ಕೈ ಮದುವಣಗಿತ್ತಿಯ ಕೈಯಂತಾಗುತ್ತಿತ್ತು. ಗಾಡಿಯ ಹೊಟ್ಟೆಯೊಳಗಿನ ಜಂಗನ್ನೂ ತೊಳೆದೀತು, ತುಟ್ಟಿ ಎಣ್ಣೆ ಯಾಕೆ ಚೆಲ್ಲಬೇಕು ಎಂದುಕೊಂಡಳು. ಅಂದಿನಿಂದ ಕಾರು ಕುಡಿದದ್ದು ಆ ನೀರನ್ನೇ.

ಕಳೆದ ಮಂಗಳವಾರ ತಿಕೋಟಾ ಮುಟ್ಟುವ ಮೊದಲೇ ಕಾರು ಕುದಿಯಿತು. ಅರ್ಧ ದಾರಿಯಿಂದ ಹಿಂದಿರುಗಿದರು, ಮಷೀನು ತಪ್ಪಿತು. ಮನೆಯ ಅಂಗಳದಲ್ಲಿ ವಿದ್ಯಾವತಿ ನೇರವಾಗಿ ಕೇಳಿದಳು.

"ಅತ್ತೀ, ನಿಮಗ ಮುಟ್ಟಬ್ಯಾಡ್ರಿ ಅಂದಿದ್ದೆ. ಬಾನೆಟ್ ತಗದೀರೇನ್ರಿ?"

ಮುರಿಗೆವ್ವನ ನಾಲಿಗೆ ಯಾವಾಗಲೂ ಅವಳಿಗಿಂತ ಎರಡು ಹೆಜ್ಜೆ ಮುಂದೆ. ಪಕ್ಕದಲ್ಲಿ ಕೂತಿದ್ದ ಮಗನ ತಲೆಯ ಮೇಲೆ ಟಪ್ಪನೆ ಕೈ ಇಟ್ಟಳು.

"ಇವನ ಆಣಿ! ನಾ ಮುಟ್ಟಿದ್ರ ಕೇಳ. ಆ ಬಬಲೇಶ್ವರದ ಮಿಸ್ತ್ರಿ ಹೋದ ತಿಂಗಳ ಕೈ ಆಡಿಸಿದ್ನಲ್ಲ, ಅಂವಂದ ಕಿತಾಪತಿ. ಅವನ ಕೈಯಾಗ ಕೊಟ್ರ ವಿಮಾನ ಸೈತ ಚಕ್ಕಡಿ ಆಗಿ ಬರತೈತಿ."

ಎಲ್ಲರೂ ನಕ್ಕರು. ರಾತ್ರಿ ಮಗನ ಕಾಲು ಕಂಬದಂತೆ ಬಾತವು. ಮುರಿಗೆವ್ವನಿಗೆ ಮಾತ್ರ ತನ್ನ ಅಂಗೈ ಇನ್ನೂ ಅವನ ತಲೆಯ ಮೇಲೆಯೇ ಇದ್ದಂತೆ ಅನ್ನಿಸುತ್ತಿತ್ತು. ಜಂಗು ಪೂರಾ ಹೋಗಿಲ್ಲ, ಅದಕ್ಕೇ ಕುದಿಯಿತು ಎಂದು ಸಮಾಧಾನ ಮಾಡಿಕೊಂಡು ಶುಕ್ರವಾರ ನಸುಕಿನಲ್ಲಿ ಎರಡು ತಂಬಿಗೆ ಸುರಿದಳು.

ಹನ್ನೊಂದಕ್ಕೆ ಮಷೀನಿನ ಪಾಳಿ. ತಪ್ಪಿದರೆ ಮತ್ತೆ ಮಷೀನು ಖಾಲಿ ಸಿಗುವುದು ಸೋಮವಾರವೇ. ಎಂಟಕ್ಕೇ ಹೊರಟರು. ಊರು ದಾಟುವುದರೊಳಗೆ ಬಿಸಿಯ ಮುಳ್ಳು ಅರ್ಧಕ್ಕೆ ಬಂತು. ಹಳ್ಳದ ಸೇತುವೆಯ ಹತ್ತಿರ ಮುಕ್ಕಾಲು. ವಿದ್ಯಾವತಿ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ ಇಟ್ಟು ಓಡಿಸಿದಳು. ಎರಡೂ ಕಡೆ ಕರಿ ನೆಲ ಬಾಯಿಬಿಟ್ಟು ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಈರಯ್ಯನ ಉಸಿರು ತೂತು ಬಿದ್ದ ತಿದಿಯಂತೆ ಸುಯ್ಯೆನ್ನುತ್ತಿತ್ತು. ಮುಂದೆ ಎಂಜಿನ್ನಿನದೂ ಅದೇ ಸದ್ದು. ಯಾವುದು ಮಗನದು, ಯಾವುದು ಕಾರಿನದು ಎಂದು ಮುರಿಗೆವ್ವನಿಗೆ ತಿಳಿಯದಾಯಿತು.

ತಿಕೋಟಾದಲ್ಲಿ ಪೀರಸಾಬನ ಗ್ಯಾರೇಜಿನ ಮುಂದೆ ಬಂದು ನಿಂತಾಗ ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು.

"ಯಾರೂ ಮುಚ್ಚಳ ಮುಟ್ಟಬ್ಯಾಡ್ರಿ!" ಪೀರಸಾಬ ಒಳಗಿನಿಂದಲೇ ಕೂಗಿದ. ಅರವತ್ತರ ಮನುಷ್ಯ. ಎಡಗೆನ್ನೆಯ ಮೇಲೆ ಹಳೆಯ ಸುಟ್ಟ ಗಾಯ. ಕುದಿಯುವ ಮುಚ್ಚಳ ಒಂದು ಸಲ ತೆಗೆದದ್ದಕ್ಕೆ ಸಿಕ್ಕದ್ದು. "ಆರಲಿ ತಡೀರಿ."

"ಅಲ್ಲೀತನಾ ನನ್ನ ಮಗ ಆರಿ ಹೋಗತಾನ" ಎಂದಳು ಮುರಿಗೆವ್ವ. ಎಂದಿನ ಕುಚೋದ್ಯದ ದನಿಯಲ್ಲಿಯೇ ಬಂತು ಮಾತು. ಬಂದ ಮೇಲೆ ತುಟಿ ಕಚ್ಚಿಕೊಂಡಳು.

ವಿದ್ಯಾವತಿ ಫೋನು ಹಿಡಿದು ಓಡಾಡಿದಳು. ಬಾಡಿಗೆ ಗಾಡಿಗಳೆಲ್ಲ ಬಬಲೇಶ್ವರದ ಲಗ್ನಗಳಿಗೆ ಹೋಗಿದ್ದವು. ಆಂಬುಲೆನ್ಸ್ ಬೇರೆ ಕಡೆ ಇತ್ತು, ಬರಲು ಎರಡು ತಾಸು ಎಂದರು. ಬಸ್ಸಿನಲ್ಲಿ ನಿಲ್ಲುವುದಿರಲಿ, ಈರಯ್ಯ ಕಾರಿನಿಂದ ಇಳಿಯುವ ಸ್ಥಿತಿಯಲ್ಲೂ ಇರಲಿಲ್ಲ.

ಪೀರಸಾಬ ಅವಸರ ಮಾಡಲಿಲ್ಲ. ಫ್ಯಾನು ನೋಡಿದ, ತಿರುಗುತ್ತಿತ್ತು. ಬೆಲ್ಟು ಒತ್ತಿದ, ಬಿಗಿ ಇತ್ತು. ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮೇಲಿನ ಪೈಪು ಹಿಡಿದ, ಸುಟ್ಟಿತು. ಕೆಳಗಿನದನ್ನು ಬರಿಗೈಯಲ್ಲಿ ಹಿಡಿದ, ಹಿಡಿದೇ ನಿಂತ.

"ಮ್ಯಾಲಿಂದು ಬೆಂಕಿ, ಕೆಳಗಿಂದು ತಣ್ಣಗ. ನೀರು ಹಾಯವಲ್ದು."

ಕೊನೆಗೆ ಮುಚ್ಚಳ ತೆಗೆದ. ಒಳಗಿಂದ ಮಜ್ಜಿಗೆಯ ನೊರೆಯಂಥದ್ದು ಉಕ್ಕಿ ಬಂತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದ. ಜಿಡ್ಡು. ಅವನ ಮುಖ ಸಣ್ಣದಾಯಿತು.

"ತಂಗಿ, ನೀರಾಗ ಎಣ್ಣಿ ಬಂದೈತಿ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದಂಗ ಕಾಣತೈತಿ. ಹೆಡ್ ಬಿಚ್ಚಬೇಕು. ಮೂರು ದಿನ."

"ಮೂರು ದಿನ!" ವಿದ್ಯಾವತಿ ಅಲ್ಲೇ ಕಲ್ಲಿನ ಮೇಲೆ ಕೂತಳು. "ಹಂಗ ಹೋದ್ರ?"

"ನಡು ದಾರ್‍ಯಾಗ ಎಂಜಿನ್ ಹಿಡಕೋತೈತಿ. ಆ ಬಯಲಾಗ, ಈ ಬಿಸಲಾಗ, ಇವರನ್ನ ಇಟ್ಕೊಂಡು ನಿಂತ್ರ... ನಾ ಕಳಸೂದಿಲ್ಲ." ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿ ಹುಬ್ಬು ಗಂಟಿಕ್ಕಿದ. "ಆದ್ರ ಆಯಿಲ್ ಹಸನ ಐತೆಲ್ಲ. ಆಯಿಲಿನ್ಯಾಗ ನೀರಿಲ್ಲ. ಮತ್ತ ಈ ಬಿಳೇದು ಎಲ್ಲಿಂದ ಬಂತು? ಯಾರರೆ ಏನರೆ ಹಾಕೀರೇನು?"

"ಯಾರೂ ಮುಟ್ಟಿಲ್ಲರಿ. ನಮ್ಮ ಅತ್ತಿ ಇವರ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡ್ಯಾರ" ಎಂದಳು ವಿದ್ಯಾವತಿ.

ಪೀರಸಾಬನ ಬೆರಳಿನಿಂದ ಶೆಡ್ಡಿನ ವಾಸನೆ ಬರುತ್ತಿತ್ತು. ಮುರಿಗೆವ್ವನಿಗೆ ಅದು ತನ್ನ ಸೆರಗಿನ ವಾಸನೆಯಷ್ಟು ಗುರುತು. ಬಾಯಿ ತೆರೆದರೆ ಆಣೆ ಸುಳ್ಳಾಗುತ್ತದೆ, ಸುಳ್ಳು ಆಣೆ ಇಟ್ಟ ತಲೆಯನ್ನೇ ಹುಡುಕಿಕೊಂಡು ಬರುತ್ತದೆ. ತೆರೆಯದಿದ್ದರೆ ಮೂರು ದಿನ. ಕಾರಿನ ಕಿಟಕಿಯಲ್ಲಿ ಮಗನ ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಾಗಿತ್ತು. ಅವನು ತಾಯಿಯನ್ನೇ ನೋಡುತ್ತಿದ್ದ.

"ಪೀರಸಾಬ" ಎಂದಳು. ಇಡೀ ತಿಕೋಟಾ ಸಂತೆಯನ್ನು ಒಂದೇ ಕೂಗಿಗೆ ತಿರುಗಿಸುವ ಗಂಟಲು, ಇವತ್ತು ಅವಳಿಗೇ ಕೇಳಿಸಲಿಲ್ಲ. "ಹೆಡ್ ಬಿಚ್ಚಬ್ಯಾಡೋ ಯಪ್ಪಾ. ಅದು ಎಂಜಿನ್ ಎಣ್ಣಿ ಅಲ್ಲ. ಮಣೂಕದ ಎಣ್ಣಿ. ದ್ರಾಕ್ಷಿ ಅದ್ದೂ ನೀರು. ನಾನ ಕುಡಿಸೇನಿ, ಮೂರು ವಾರ."

ವಿದ್ಯಾವತಿ ಅತ್ತೆಯ ಕೈಯನ್ನು ನೋಡಿದಳು, ಆಮೇಲೆ ಗಂಡನ ತಲೆಯನ್ನು ನೋಡಿದಳು, ಮುಖ ತಿರುಗಿಸಿಕೊಂಡಳು.

"ನಿಮ್ಮ ಬೋರಿನ ಉಪ್ಪು ನೀರಿಗೆ ಆ ಪುಡಿ ಕೂಡಿ ಸುಣ್ಣ ಆಗೇತಿ" ಎಂದ ಪೀರಸಾಬ, ಆಗಲೇ ಕೆಳಗಿನ ಪೈಪು ಕೀಳುತ್ತ. ನಳದ ಪೈಪನ್ನು ಕೆಳಗಿನಿಂದ ಹಚ್ಚಿ ಜೋರು ನೀರು ಬಿಟ್ಟ. ಮೇಲಿನಿಂದ ಬಿಳಿ ಕೆಸರು ಗಡ್ಡೆಗಡ್ಡೆಯಾಗಿ ಹೊರಬಂತು. ಮುಕ್ಕಾಲು ತಾಸು ತೊಳೆದ. ಕಡೆಗೆ ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ.

"ಹಾದಿ ಬಿಟ್ಟೈತಿ. ಆದ್ರ ಒಳಗ ತಿಂದೈತಿ ಯವ್ವಾ, ಸಣ್ಣಗ ಸೋರಾಕತ್ತೈತಿ. ಹೀಟರ್ ಪೂರಾ ಹಚ್ಚರಿ, ಎಂಜಿನ್ನಿನ ಬಿಸಿ ನಿಮ್ಮ ಕಡೆ ಬರತೈತಿ. ಕಿಡಕಿ ತಗೀರಿ. ಮುಳ್ಳು ಕೆಂಪಿಗೆ ಹೋತಂದ್ರ ನಿಲ್ಲರಿ. ಆದ್ರ ಒಮ್ಮೆ ನಿಂತ್ರ..." ಮುಂದಿನದನ್ನು ಹೇಳದೆ ಎರಡು ಕ್ಯಾನು ನೀರು ಒಳಗಿಟ್ಟ.

ಚೈತ್ರದ ಬಿಸಿಲಿನಲ್ಲಿ ಹೀಟರ್ ಹಚ್ಚಿದ ಕಾರು ರೊಟ್ಟಿ ಸುಡುವ ಹಂಚಾಯಿತು. ಮುಳ್ಳು ಅರ್ಧದ ಮೇಲೆ ನಡುಗುತ್ತ ನಿಂತಿತ್ತು. ದೂರದಲ್ಲಿ ಗೋಳಗುಮ್ಮಟ ಕಂಡಿತು. ಎಷ್ಟು ಓಡಿದರೂ ಅದು ಇದ್ದಲ್ಲೇ ಇತ್ತು. ಮುರಿಗೆವ್ವ ಮಗನ ಪಕ್ಕದಲ್ಲಿ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು.

"ಯವ್ವಾ" ಎಂದ ಈರಯ್ಯ. "ಕೈ ತಗದು ಇಲ್ಲಿ ಇಡ."

"ಒಲ್ಲೆ."

"ಇಡ ಬೇ. ಹಾಕಿದ ಆಣಿ ನೀನ ಹೊಳ್ಳಿ ತಗೋ. ಮತ್ಯಾರು ತಗೀಬೇಕು?"

ಇಟ್ಟಳು. "ತಗೊಂಡ್ನಿ" ಎಂದಳು. ಅತ್ತೆ-ಸೊಸೆಯ ಬೆವರು ಕಾಲುವೆಯಾಗಿ ಹರಿಯುವ ಆ ಬೆಂಕಿಯೊಳಗೆ ಮಗನ ಹಣೆ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಮೇಲಿನದು ಬೆಂಕಿ, ಕೆಳಗಿನದು ತಣ್ಣಗೆ. ಪೀರಸಾಬ ಪೈಪು ಹಿಡಿದೇ ನಿಂತದ್ದು ನೆನಪಾಗಿ ಅವಳು ಕೈ ತೆಗೆಯದೆ ಹಾಗೆಯೇ ಇಟ್ಟಳು.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ದವಾಖಾನೆಯ ಬಾಗಿಲು. ಗಾಲಿ ಕುರ್ಚಿ ಬಂತು, ಈರಯ್ಯನನ್ನು ಒಳಗೆ ಒಯ್ದರು. ವಿದ್ಯಾವತಿ ಹಿಂದೆ ಓಡಿದಳು. ಓಡುವ ಮೊದಲು ಕಾರಿನ ಕೀಲಿಕೈಯನ್ನು ಅತ್ತೆಯ ಕೈಗೆ ಕೊಡದೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುರಿಗೆವ್ವ ಕಾರಿನ ಮುಂದೆ ನೆಲದ ಮೇಲೆ ಕೂತಳು. ಬಾನೆಟ್ಟಿನೊಳಗೆ ಏನೋ ಟಿಕ್, ಟಿಕ್ ಎಂದು ಆರುತ್ತಿತ್ತು. ಅಡಿಯಿಂದ ಹನಿ ಬೀಳುತ್ತಿತ್ತು. ಸ್ವಚ್ಛ ನೀರೇ ಇರಬೇಕು ಎಂದು ಅಂಗೈ ಒಡ್ಡಿದಳು. ಹನಿ ಇನ್ನೂ ಬೆಳ್ಳಗಿತ್ತು, ಇನ್ನೂ ಜಿಡ್ಡಾಗಿತ್ತು. ಮಷೀನಿಗೆ ನಾಲ್ಕು ತಾಸು ಎಂದಿದ್ದರು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಒಳಗಿನಿಂದ ಯಾರಾದರೂ ಬಂದು ಹೆಸರು ಕೂಗುವ ತನಕ ಒಂದೊಂದೇ ಹನಿಯನ್ನು ಹಿಡಿಯುತ್ತ, ಬಾಗಿಲನ್ನೇ ನೋಡುತ್ತ ಕೂತಳು.